ನೆರೆರಾಜ್ಯದ ಬಂಡಾಯಕ್ಕೆ ಆಯುಧ: ಬೀದರ ಸೀಮೆಯ ಅನುಭವ, ಲೋಕದ ಅನುಭವ

ಒಂದು ರಾಜ್ಯದೊಳಗೆ ಅಂತರ್ಯುದ್ಧ ಹತ್ತಿಕೊಂಡಾಗ, ಅಲ್ಲಿನ ಪ್ರಭುತ್ವದ ವಿರುದ್ಧ ಎದ್ದವರಿಗೆ ಹೊರಗಿನವರು ಬಂದೂಕು, ಮದ್ದುಗುಂಡು, ಹಣ, ತರಬೇತಿ ಮತ್ತು ಅಡಗಲು ನೆಲ ಒದಗಿಸುವ ರೂಢಿ ಬಹು ಹಳೆಯದು. ಸ್ವಂತ ಸೇನೆ ಕಳಿಸುವುದಕ್ಕಿಂತ ಇದಕ್ಕೆ ಖರ್ಚು ಕಡಿಮೆ. ಗಡಿ ದಾಟಿದ್ದನ್ನು ಒಪ್ಪಿಕೊಳ್ಳಬೇಕಾಗಿಲ್ಲ, ಸತ್ತವರ ಲೆಕ್ಕವನ್ನು ತನ್ನ ಶಾಸನಸಭೆಗೆ ಒಪ್ಪಿಸಬೇಕಾಗಿಲ್ಲ. ಈ ಅನುಕೂಲಗಳ ಬೆನ್ನಿಗೇ ತೊಡಕುಗಳೂ ಬರುತ್ತವೆ. ಕೊಟ್ಟ ಬಂದೂಕು ಯಾರ ಕೈಗೆ ಹೋಗುತ್ತದೆ, ಅದರ ಸೇಡನ್ನು ಯಾವ ಹಳ್ಳಿ ಉಣ್ಣುತ್ತದೆ, ಕಾಳಗ ಮುಗಿದ ಮೇಲೆ ಅದನ್ನು ತಿರುಗಿ ಪಡೆಯುವವರು ಯಾರು ಎಂಬುದಕ್ಕೆ ಕೊಡುವ ಹೊತ್ತಿನಲ್ಲಿ ಯಾರ ಬಳಿಯೂ ಉತ್ತರವಿರುವುದಿಲ್ಲ. ಕೊಡದೆ ಕೈಕಟ್ಟಿ ಕೂತರೂ ಹೊಣೆ ತಪ್ಪುವುದಿಲ್ಲ. ಎದುರಿಗಿರುವವನ ಕೈಯಲ್ಲಿ ಆಯುಧವಿದ್ದು ಜನ ಬರಿಗೈಯಲ್ಲಿದ್ದರೆ, ಸುಮ್ಮನಿದ್ದವರೂ ಒಂದು ಪಕ್ಷ ವಹಿಸಿದಂತೆಯೇ.

ಈ ಪ್ರಶ್ನೆಯನ್ನು ಅಫ್ಘಾನಿಸ್ತಾನ, ನಿಕರಾಗುವಾ, ಸಿರಿಯಾಗಳ ಹೆಸರಿನಲ್ಲಿ ಚರ್ಚಿಸುವುದು ವಾಡಿಕೆ. ಕನ್ನಡ ನಾಡಿನೊಳಗೇ ಇದಕ್ಕೆ ಹತ್ತಿರದ ನಿದರ್ಶನ ಒಂದಿದೆ. 1947ರ ಆಗಸ್ಟಿನಿಂದ 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ಸಂಸ್ಥಾನದಲ್ಲಿ, ಅದರಲ್ಲೂ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಗಡಿಯಲ್ಲಿ ನಡೆದದ್ದು ಈ ಬಗೆಯ ಸಂಗತಿ. ಎರಡೂ ಕಡೆಗೆ ಹೊರಗಿನಿಂದ ಆಯುಧ ಬಂದವು. ಎರಡೂ ಕಡೆಯ ಜನ ಅದರ ಬೆಲೆ ತೆತ್ತರು.

ಹೊರದೇಶವೇ, ಅಲ್ಲವೇ

ಹೈದರಾಬಾದನ್ನು ಪರದೇಶವೆಂದು ಕರೆಯಬಹುದೇ ಎಂಬುದೇ ಆಗಿನ ಜಗಳ. 1947ರ ಜೂನ್‌ನಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್, ಬ್ರಿಟಿಷರ ಅಧಿಪತ್ಯ ಕೊನೆಗೊಂಡ ಕೂಡಲೇ ತಾನು ಸ್ವತಂತ್ರನೆಂದು ಫರ್ಮಾನು ಹೊರಡಿಸಿದ. ಸುತ್ತಲೂ ಭಾರತದ ನೆಲವೇ ಇದ್ದ, ಸುಮಾರು ಒಂದೂವರೆ ಕೋಟಿಗೂ ಮೀರಿದ ಪ್ರಜೆಗಳಿದ್ದ ಸಂಸ್ಥಾನ ಅದು. ಭಾರತ ಸರ್ಕಾರ ಈ ಸ್ವಾತಂತ್ರ್ಯವನ್ನು ಎಂದೂ ಮನ್ನಿಸಲಿಲ್ಲ. ಆದರೂ 1947ರ ನವೆಂಬರ್ 29ರಂದು ನಿಜಾಮನ ಜೊತೆ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿತು, ಕೆ.ಎಂ. ಮುನ್ಶಿಯವರನ್ನು ತನ್ನ ಏಜೆಂಟ್ ಜನರಲ್ ಆಗಿ ಹೈದರಾಬಾದಿಗೆ ಕಳಿಸಿತು. ಒಪ್ಪಂದ ಮಾಡಿಕೊಂಡ ಮೇಲೆ ಆ ಸರ್ಕಾರವನ್ನು ಉರುಳಿಸಲು ಹೊರಟವರಿಗೆ ನೆಲೆ ಕೊಡುವುದು ಸರಿಯೇ ಎಂಬ ಪ್ರಶ್ನೆಗೆ ದಿಲ್ಲಿ ನೇರ ಉತ್ತರ ಕೊಡಲಿಲ್ಲ. ಪ್ರಧಾನಿ ಮೀರ್ ಲಾಯಕ್ ಅಲಿಯ ಸರ್ಕಾರ ಗಡಿದಾಳಿ ಮತ್ತು ಆರ್ಥಿಕ ದಿಗ್ಬಂಧನದ ಬಗ್ಗೆ ಸತತವಾಗಿ ದೂರಿತು. ಭಾರತವು ನಿಜಾಮನ ಪರದ ರಜಾಕಾರ ಪಡೆಯ ಹಾವಳಿ, ಭಾರತದ ನಾಣ್ಯದ ಮೇಲಿನ ನಿರ್ಬಂಧ, ಪಾಕಿಸ್ತಾನಕ್ಕೆ ಕೊಡಹೊರಟ 20 ಕೋಟಿ ರೂಪಾಯಿ ಸಾಲ ಇವನ್ನು ಮುಂದಿಟ್ಟಿತು. 1948ರ ಆಗಸ್ಟ್‌ನಲ್ಲಿ ಹೈದರಾಬಾದ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಂಡೊಯ್ಯಿತು. ದೂರು ಚರ್ಚೆಗೆ ಬರುವಷ್ಟರಲ್ಲಿ ಭಾರತದ ಸೇನೆ ಗಡಿ ದಾಟಿತ್ತು.

ಹಳ್ಳಿಯಲ್ಲಿದ್ದವರಿಗೆ ಈ ಕಾನೂನಿನ ಸೂಕ್ಷ್ಮ ದೂರದ ಮಾತು. ಆಗಿನ ಬೀದರ ಜಿಲ್ಲೆ ಇಂದಿನದಕ್ಕಿಂತ ದೊಡ್ಡದು. ಉದಗೀರ, ನಿಲಂಗಾ, ಅಹಮದಪುರ ಅದರೊಳಗಿದ್ದವು. ಜಹೀರಾಬಾದ್, ನಾರಾಯಣಖೇಡದ ಕಡೆಯ ಭಾಗವೂ ಇತ್ತು. ಕನ್ನಡ, ಮರಾಠಿ, ತೆಲುಗು, ಉರ್ದು ಒಂದೇ ಸಂತೆಯಲ್ಲಿ ಕೇಳಿಬರುತ್ತಿದ್ದ ನಾಡು. ನಿಜಾಮ ರೈಲ್ವೆ ಹಾಕಿದ ಹಳಿ ವಿಕಾರಾಬಾದಿನಿಂದ ಬೀದರ, ಹಲಬರ್ಗಾ, ಭಾಲ್ಕಿ, ಕಮಲನಗರ, ಉದಗೀರದ ಮೇಲೆ ಪರಳಿಗೆ ಹೋಗುತ್ತದೆ. ಈ ಊರುಗಳಿಗೆ ಬಾಂಬೆ ಪ್ರಾಂತದ ಗಡಿ ತೀರ ಹತ್ತಿರವಲ್ಲ. ಹಲಬರ್ಗಾದಿಂದ ಸೊಲ್ಲಾಪುರ ಸೇರಬೇಕಾದರೆ ಉಸ್ಮಾನಾಬಾದ್ ಜಿಲ್ಲೆಯನ್ನು ದಾಟಬೇಕು. ಗಡಿಗಂಟಿದ ಹಳ್ಳಿಗಳಿಗೆ ರಾತ್ರೋರಾತ್ರಿ ಓಡಿಹೋಗುವ ದಾರಿಯಾದರೂ ಇತ್ತು. ಒಳನಾಡಿನ ಭಾಲ್ಕಿ, ಔರಾದ ಸೀಮೆಗೆ ಅದೂ ಇರಲಿಲ್ಲ. ಯಾರಾದರೂ ಗುಂಡು ಹಾರಿಸಿ ಗಡಿಯಾಚೆ ಹೋದರೆ ಹಿಂದೆ ಉಳಿದವರು ಉಳಿದೇ ಇರಬೇಕಿತ್ತು. ಬಂಡಾಯಕ್ಕೆ ಆಯುಧ ಕೊಡುವ ಚರ್ಚೆಯಲ್ಲಿ ಮೊದಲು ಮರೆಯಾಗುವುದು ಈ ಭೂಗೋಳವೇ.

ಗಡಿ ಶಿಬಿರಗಳು

ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ನಾಯಕ ಸ್ವಾಮಿ ರಮಾನಂದ ತೀರ್ಥರು ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ 1903ರಲ್ಲಿ ಹುಟ್ಟಿದವರು. ಅವರ ಕರೆಯಂತೆ 1947ರ ಆಗಸ್ಟ್ 7ರಂದು ಭಾರತ ಸೇರ್ಪಡೆಯ ದಿನ ಆಚರಣೆಯಾಯಿತು, ಸತ್ಯಾಗ್ರಹ ಶುರುವಾಯಿತು. ಅವರ ದಸ್ತಗಿರಿಯಾಗಿ ಸಾವಿರಾರು ಜನ ಜೈಲು ಸೇರಿದ ಮೇಲೆ ಹೊರಗುಳಿದ ಕಾರ್ಯಕರ್ತರು ಗಡಿಯಾಚೆ ಹೋಗಿ ಶಿಬಿರ ಕಟ್ಟಿದರು. ದಿಗಂಬರರಾವ್ ಬಿಂದು ಅವರ ಮುಂದಾಳತನದ ಕ್ರಿಯಾಸಮಿತಿ ಈ ಕೆಲಸ ನೋಡಿಕೊಂಡಿತು. ಗೋವಿಂದಭಾಯಿ ಶ್ರಾಫ್ ಅದರ ಪ್ರಮುಖರಲ್ಲೊಬ್ಬರು. ಮರಾಠವಾಡೆಯ ಎದುರಿಗೆ ಸೊಲ್ಲಾಪುರ, ಬಾರ್ಶಿಯ ಸುತ್ತ ಶಿಬಿರಗಳಾದವು. ಕನ್ನಡ ಜಿಲ್ಲೆಗಳ ಎದುರಿಗೆ ಗದಗು ಕೇಂದ್ರವಾಯಿತು. ಮುಂಡರಗಿ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿ, ಗಜೇಂದ್ರಗಡ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆ ಮುಂದಾಳುಗಳು. ಶಿವಮೂರ್ತಿಸ್ವಾಮಿ ಮುಂದೆ ಲೋಕಸಭೆಗೆ ಆರಿಸಿಬಂದರು.

ಶಿಬಿರಗಳ ಹುಡುಗರಲ್ಲಿ ಹೆಚ್ಚಿನವರು ನಿಜಾಮ ಸೀಮೆಯವರೇ. ಮನೆ ಬಿಟ್ಟು ಓಡಿಬಂದ ರೈತರ ಮಕ್ಕಳು, ಶಾಲೆ ಬಿಟ್ಟ ವಿದ್ಯಾರ್ಥಿಗಳು, ಮಠದ ಶಿಷ್ಯರು. ಅವರ ಗುರಿ ಕರೋಡಗಿರಿ (ಸುಂಕದ) ನಾಕೆಗಳು, ಪೊಲೀಸ್ ಠಾಣೆಗಳು, ರಜಾಕಾರರ ಅಡ್ಡೆಗಳು. ಶಿಂದಿ ಗಿಡ ಕಡಿದು ಸರ್ಕಾರದ ಅಬಕಾರಿ ವರಮಾನಕ್ಕೆ ಕತ್ತರಿ ಹಾಕುವುದು, ಹಳ್ಳಿಯ ದಫ್ತರ ಸುಡುವುದು, ಗಡಿಯಂಚಿನ ಊರುಗಳನ್ನು ಬಿಡಿಸಿಕೊಂಡು ಸ್ವತಂತ್ರವೆಂದು ಸಾರುವುದು ಇವರ ಕಾರ್ಯಕ್ರಮ. 1948ರ ಜನವರಿ 30ರಂದು, ಗಾಂಧೀಜಿಯ ಕೊಲೆಯಾದ ದಿನವೇ, ನಾಂದೇಡ ಜಿಲ್ಲೆಯ ಉಮ್ರಿಯಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕಿನ ಶಾಖೆಯನ್ನು ಕಾರ್ಯಕರ್ತರು ಲೂಟಿ ಮಾಡಿದರು. ಆ ಹಣ ಚಳವಳಿಗೆ ಬಂತು.

ಅಹಿಂಸೆಯ ಪ್ರತಿಜ್ಞೆ ಮಾಡಿದ ಪಕ್ಷ ಬಂದೂಕು ಹಿಡಿದದ್ದು ಒಳಗಿನವರಿಗೂ ನುಂಗಲಾರದ ಸಂಗತಿ. ಆದರೆ ಅವರೆದುರಿಗಿದ್ದ ಸ್ಥಿತಿಯನ್ನು ಮರೆತು ಅವರನ್ನು ತೂಗಬಾರದು. ಲಾತೂರಿನ ವಕೀಲ ಕಾಸಿಂ ರಜ್ವಿಯ ಇತ್ತೆಹಾದುಲ್ ಮುಸಲ್ಮೀನ್ ಕಟ್ಟಿದ ರಜಾಕಾರ ಪಡೆ ಪೊಲೀಸರ ಕಣ್ಣೆದುರೇ ಊರು ಸುಲಿಯುತ್ತಿತ್ತು. ಜಾಥಾ ಹೊರಡಿಸಿ, ಲಾಠಿ ತಿಂದು, ಜೈಲು ತುಂಬಿಸುವ ದಾರಿಯನ್ನು ಈ ನಾಡು ಹತ್ತು ವರ್ಷ ಮೊದಲೇ ತುಳಿದಿತ್ತು. 1938–39ರ ಆರ್ಯಸಮಾಜ ಸತ್ಯಾಗ್ರಹಕ್ಕೆ ಬ್ರಿಟಿಷ್ ಭಾರತದಿಂದ ಸಾವಿರಾರು ಜನ ಬಂದರು. ಉದಗೀರದ ವಕೀಲ ಭಾಯಿ ಶ್ಯಾಮಲಾಲ್ 1938ರಲ್ಲಿ ಬೀದರ ಜೈಲಿನಲ್ಲೇ ಸತ್ತರು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಒಂದು ಗುಂಡೂ ಹಾರದ ಆ ಹೋರಾಟವೇ ಈ ಸೀಮೆಯಲ್ಲಿ ಕನ್ನಡವನ್ನು ಉಳಿಸಿತು. ಅದರ ಹಿರಿಮೆ ದೊಡ್ಡದು. ಆದರೆ ಬಾಗಿಲಿಗೆ ಬೆಂಕಿ ಬಿದ್ದ ರಾತ್ರಿಗೆ ಅದು ಉತ್ತರವಾಗಲಾರದು. ಬಂದೂಕು ಹಿಡಿದವರಿಗೆ ಆ ಹಕ್ಕು ಇತ್ತೆಂದೇ ಈ ಲೇಖಕನ ಅಭಿಪ್ರಾಯ. ಪ್ರಶ್ನೆಯಿರುವುದು ಕೊಟ್ಟವರ ಹೊಣೆಯ ಬಗ್ಗೆ.

ಶಿಬಿರಗಳಿದ್ದದ್ದು ಭಾರತದ ನೆಲದಲ್ಲಿ, ಬಾಂಬೆ ಮತ್ತು ಮದ್ರಾಸ್ ಪ್ರಾಂತ ಸರ್ಕಾರಗಳ ಕಣ್ಣೆದುರು. ಬಹಿರಂಗವಾಗಿ ಹೊಣೆ ಹೊರದೆ, ಒಳಗಿಂದ ತಡೆಯದೆ ಸರ್ಕಾರ ನಡುದಾರಿ ಹಿಡಿಯಿತು. ಈ ನಡುದಾರಿಯಿಂದ ದಿಲ್ಲಿಗೆ ಲಾಭವಾಯಿತು. ನಷ್ಟ ಶಿಬಿರಗಳಿಗೆ. ಒಂದೇ ಆಜ್ಞೆ, ಒಂದೇ ಶಿಸ್ತು, ತಪ್ಪಿದವರಿಗೆ ಒಂದೇ ದಂಡನೆ ಎಂಬ ವ್ಯವಸ್ಥೆ ಅವಕ್ಕೆ ಸಿಗಲಿಲ್ಲ. ಅದೇ ಗಡಿಯಲ್ಲಿ ಕಾಂಗ್ರೆಸ್ಸಿಗರ ಜೊತೆಗೆ ಸಮಾಜವಾದಿಗಳು, ಆರ್ಯಸಮಾಜದವರು, ಹಿಂದೂ ಕೋಮುಸಂಘಟನೆಯವರು, ತೆಲಂಗಾಣದ ಕಡೆ ಕಮ್ಯುನಿಸ್ಟರು ತಮ್ಮತಮ್ಮ ಲೆಕ್ಕದಲ್ಲಿ ಆಯುಧ ಕೂಡಿಟ್ಟರು. ಯಾರ ಬಂದೂಕು ಯಾರ ಮಾತು ಕೇಳುತ್ತದೆ ಎಂಬುದು ಆಗಲೇ ಮಸುಕಾಗಿತ್ತು.

ಬೀದರದಲ್ಲಿ ಇಳಿದ ವಿಮಾನಗಳು

ನಿಜಾಮನ ಸರ್ಕಾರಕ್ಕೂ ಆಯುಧ ಬೇಕಿತ್ತು. ಭಾರತ ಸರಬರಾಜು ನಿಲ್ಲಿಸಿತ್ತು, ಸಂಸ್ಥಾನಕ್ಕೆ ಸಮುದ್ರವಿಲ್ಲ. ಆಗ ಬಂದವನು ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕ. ಎರಡನೆಯ ಮಹಾಯುದ್ಧದ ಮೊದಲು ಬ್ರಿಟನ್ನಿಗಾಗಿ ಜರ್ಮನಿಯ ಮೇಲೆ ಗುಟ್ಟಾಗಿ ಛಾಯಾಚಿತ್ರ ತೆಗೆದ ಸಾಹಸಿ. 1948ರ ಬೇಸಗೆಯ ಕೊನೆಯಿಂದ ಅವನ ಲ್ಯಾಂಕ್ಯಾಸ್ಟ್ರಿಯನ್ ವಿಮಾನಗಳು ಕರಾಚಿಯಿಂದ ರಾತ್ರಿ ಹೊರಟು ಬೀದರ, ವರಂಗಲ್‌ನಂಥ ವಿಮಾನದಾಣಗಳಲ್ಲಿ ಇಳಿದವು. ಸೆಪ್ಟೆಂಬರ್ 13ರಂದು ಕಾರ್ಯಾಚರಣೆ ಶುರುವಾದಾಗ ಭಾರತದ ಟೆಂಪೆಸ್ಟ್ ವಿಮಾನಗಳು ಮೊದಲು ಹೊಡೆದ ಗುರಿಗಳಲ್ಲಿ ಬೀದರದ ವಿಮಾನದಾಣವೂ ಒಂದು. ಕಾಟನ್ನನ ಮೇಲೆ ಬ್ರಿಟನ್ನಿನಲ್ಲಿ ಮೊಕದ್ದಮೆ ನಡೆದು 200 ಪೌಂಡು ದಂಡ ಬಿತ್ತು. ಒಂದು ಸಂಸ್ಥಾನದ ಉರಿಗೆ ಎಣ್ಣೆ ಹೊಯ್ದವನಿಗೆ ಆಗಿನ ಕಾನೂನು ಕಟ್ಟಿದ ಬೆಲೆ ಅಷ್ಟೇ.

ಈ ವಿಮಾನಗಳಿಂದ ನಿಜಾಮನ ಸೇನೆಗೆ ದೊಡ್ಡ ಬಲವೇನೂ ಬರಲಿಲ್ಲ. ಆದರೆ ಅವು ಎರಡೂ ಕಡೆಯ ಲೆಕ್ಕಾಚಾರ ಕೆಡಿಸಿದವು. ರಜ್ವಿಯ ಕಡೆಯವರಿಗೆ ಹೊರಗಿನ ಸಹಾಯ ಬಂದೇ ಬರುತ್ತದೆಂಬ ಭ್ರಮೆ ಹುಟ್ಟಿ, ಸಂಧಾನದ ಮಾತು ಅವರ ಕಿವಿಗೆ ಬೀಳದಾಯಿತು. ಭಾರತಕ್ಕೆ ತಡಮಾಡಿದರೆ ಕೆಟ್ಟೀತೆಂಬ ಅವಸರ ಹುಟ್ಟಿತು. ಲೋಕದ ಬೇರೆ ಅಂತರ್ಯುದ್ಧಗಳಲ್ಲೂ ಇದೇ ನಡೆದಿದೆ. ಹೊರಗಿನಿಂದ ಬರುವ ಆಯುಧಕ್ಕಿಂತ, ಬರುತ್ತದೆಂಬ ನಂಬಿಕೆಯೇ ಕಾಳಗವನ್ನು ಹೆಚ್ಚು ಎಳೆಯುತ್ತದೆ.

ಸೇಡು ಬಿದ್ದ ಊರುಗಳು

ಇಂದಿನ ಬಸವಕಲ್ಯಾಣದ ಕಡೆಯ ಗೋರಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡ ಬೀದರ ಸೀಮೆಯ ನೆನಪಿನಲ್ಲಿ ಆಳವಾಗಿ ಉಳಿದಿದೆ. ಸತ್ತವರು ಇನ್ನೂರರಷ್ಟು ಎಂಬುದು ಜನರ ಲೆಕ್ಕ. ರಜಾಕಾರ ಮುಖಂಡನೊಬ್ಬನ ಕೊಲೆಗೆ ತೀರಿಸಿಕೊಂಡ ಸೇಡು ಅದೆಂದು ಆ ಕಡೆಯವರು ಹೇಳುತ್ತಾರೆ. ಹಲ್ಲೆ ಮಾಡಿದವರ ಪಾಪವನ್ನು ಬೇರೆ ಯಾರ ಮೇಲೂ ಹೊರಿಸಲಾಗದು. ಆದರೆ ಸಶಸ್ತ್ರ ಬಂಡಾಯ ನಡೆಯುವ ನಾಡಿನಲ್ಲಿ ಸೇಡಿಗೆ ಒಂದು ಕ್ರಮವಿದೆ. ಬಂದೂಕಿದ್ದವನು ಹೊಡೆದು ಹೋಗುತ್ತಾನೆ. ಅವನು ಸಿಗದಿದ್ದಾಗ ಅವನ ಊರು, ಅವನ ಜಾತಿ, ಅವನಿಗೆ ಅನ್ನ ಹಾಕಿದ ಮನೆ ಸಿಗುತ್ತದೆ. ಇದು ಗೊತ್ತಿದ್ದೂ ಆಯುಧ ಕೊಡುವವರು ಆ ಊರಿನ ಕಾವಲಿಗೆ ಏನು ಮಾಡಿದರು ಎಂಬುದೇ ಅವರನ್ನು ಅಳೆಯುವ ಅಳತೆಗೋಲು. ಬೀದರದ ಮಟ್ಟಿಗೆ ಉತ್ತರ ನೋವಿನದು. ಊರು ಕಾಯಲು ಊರವರೇ ಗುಂಪು ಕಟ್ಟಿಕೊಂಡರು. ಭಾಲ್ಕಿಯ ಭೀಮಣ್ಣ ಖಂಡ್ರೆಯವರಂಥ ತರುಣರು ಆ ದಿನಗಳಲ್ಲಿ ರಜಾಕಾರರಿಗೆ ಎದುರು ನಿಂತು ಹೆಸರಾದರು. ಸಾವಿರಾರು ಕುಟುಂಬಗಳು ಎತ್ತಿನಗಾಡಿ ಕಟ್ಟಿಕೊಂಡು ಸೊಲ್ಲಾಪುರ, ಗದಗದ ಕಡೆ ಗುಳೆ ಹೋದವು.

1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಪಡೆ ಸೊಲ್ಲಾಪುರದಿಂದ ನಳದುರ್ಗದ ಮೇಲೆ ಒಳನುಗ್ಗಿತು. ರಾಜೇಶ್ವರ, ಹುಮನಾಬಾದ್ ದಾಟಿ 17ರ ಬೆಳಗಿನ ಜಾವ ಬೀದರ ಹೊಕ್ಕಿತು. ಅಂದೇ ಸಂಜೆ ನಿಜಾಮ ಕದನ ನಿಲ್ಲಿಸಿದ. ಜನ ಇದನ್ನು ಇಂದಿಗೂ ಪೊಲೀಸ್ ಆ್ಯಕ್ಷನ್ ಎನ್ನುತ್ತಾರೆ. ಒಂದು ವರ್ಷ ಗಡಿ ಶಿಬಿರಗಳಿಂದ ಆಗದ ಕೆಲಸ ಐದು ದಿನದಲ್ಲಿ ಮುಗಿಯಿತು. ಆಯುಧ ಕೊಟ್ಟು ಬಂಡಾಯವನ್ನು ಬೆಳೆಸುವ ದಾರಿಗಿಂತ ಬಹಿರಂಗವಾಗಿ, ಹೊಣೆ ಹೊತ್ತು, ಬೇಗ ಬರುವ ಸೇನೆ ಕಡಿಮೆ ಕೆಡುಕಿನದೆಂದು ವಾದಿಸುವವರಿಗೆ ಇದು ಬಲವಾದ ಸಾಕ್ಷಿ. ಆದರೆ ಕತೆ 17ಕ್ಕೆ ಮುಗಿಯಲಿಲ್ಲ.

ಸೇನೆ ಬಂದ ಹಿಂದೆಯೇ, ಮುಂದಿನ ವಾರಗಳಲ್ಲಿ, ಸೇಡು ಮುಸಲ್ಮಾನರ ಮೇಲೆ ತಿರುಗಿತು. ರಜಾಕಾರನಲ್ಲದ ನೇಕಾರ, ಕೂಲಿಯವ, ಸಣ್ಣ ನೌಕರ, ಅವರ ಹೆಂಗಸರು ಮಕ್ಕಳು ಬಲಿಯಾದರು. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರ ತಂಡ 1948ರ ಕೊನೆಯಲ್ಲಿ ಸಂಸ್ಥಾನ ಸುತ್ತಿತು. ಸತ್ತವರು 27,000ದಿಂದ 40,000 ಎಂದು ಅಂದಾಜಿಸಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಗುಲಬರ್ಗಾ, ನಾಂದೇಡದ ಜೊತೆಗೆ ಬೀದರವೂ ಇತ್ತು. ಸೊಲ್ಲಾಪುರ ಮತ್ತಿತರ ಊರುಗಳಿಂದ ಬಂದ, ತರಬೇತಿ ಪಡೆದ, ಆಯುಧ ಹಿಡಿದ ಕೋಮುಸಂಘಟನೆಯ ಜನ ಕೆಲವೆಡೆ ಗಲಭೆಯ ಮುಂದಾಳುಗಳಾದರೆಂದೂ, ಕೆಲವೆಡೆ ಸೈನಿಕರೂ ಪೊಲೀಸರೂ ಪಾಲುಗೊಂಡರೆಂದೂ ವರದಿ ಹೇಳಿತು. ಅನೇಕ ಕಡೆ ಹಿಂದೂಗಳು ನೆರೆಯ ಮುಸಲ್ಮಾನರಿಗಾಗಿ ಜೀವ ಒತ್ತೆಯಿಟ್ಟದ್ದನ್ನೂ ಅದು ದಾಖಲಿಸಿತು. ಸರ್ದಾರ್ ಪಟೇಲರು ವರದಿಯನ್ನು ಒಪ್ಪಲಿಲ್ಲ. ಅದು ದಶಕಗಳ ಕಾಲ ಬೆಳಕಿಗೆ ಬರಲಿಲ್ಲ. ಅಂಕಿಗಳ ಬಗ್ಗೆ ವಾದವಿದೆ. ಗಡಿಯಲ್ಲಿ ರಜಾಕಾರರ ವಿರುದ್ಧವೆಂದು ಕೊಟ್ಟ ತರಬೇತಿಯ ಒಂದಂಶ, ರಜಾಕಾರರು ಸೋತ ಮೇಲೆ ಅಮಾಯಕರ ಮೇಲೆ ಬಳಕೆಯಾಯಿತೆಂಬುದನ್ನು ಮಾತ್ರ ತಳ್ಳಿಹಾಕಲಾಗದು. ಶಿಬಿರಗಳನ್ನು ಕಟ್ಟಿದ ಸತ್ಪುರುಷರು ಬಯಸಿದ್ದು ಇದನ್ನಲ್ಲ. ಅವರ ಬಯಕೆ ಬಂದೂಕಿನ ಜೊತೆಗೆ ಪ್ರಯಾಣ ಮಾಡಲಿಲ್ಲ, ಅಷ್ಟೇ.

ತೆಲಂಗಾಣದಲ್ಲಿ ಇನ್ನೊಂದು ಬಗೆಯ ತಿರುವು ಬಂತು. ಜಮೀನ್ದಾರರ ಮತ್ತು ನಿಜಾಮನ ವಿರುದ್ಧ 1946ರಿಂದ ಬಂದೂಕು ಹಿಡಿದ ಕಮ್ಯುನಿಸ್ಟ್ ದಳಗಳು ಭಾರತದ ಸೇನೆ ಬಂದ ಮೇಲೂ ಅದನ್ನು ಕೆಳಗಿಡಲಿಲ್ಲ. ಹೊಸ ಸರ್ಕಾರದ ವಿರುದ್ಧ ಇನ್ನೂ ಮೂರು ವರ್ಷ ಕಾದಾಡಿ, 1951ರ ಅಕ್ಟೋಬರ್‌ನಲ್ಲಿ ಹೋರಾಟ ಹಿಂತೆಗೆದುಕೊಂಡವು. ಶತ್ರು ಒಬ್ಬನೇ ಆಗಿದ್ದವರು ಅವನು ಬಿದ್ದ ಮರುದಿನ ಗೆಳೆಯರಾಗಿ ಉಳಿಯುತ್ತಾರೆಂಬ ಖಾತ್ರಿಯಿಲ್ಲ.

ಕಾನೂನು ಹೇಳುವುದು

1970ರ ವಿಶ್ವಸಂಸ್ಥೆಯ ಮಹಾಸಭೆಯ ಘೋಷಣೆ, ಇನ್ನೊಂದು ದೇಶದ ಆಡಳಿತವನ್ನು ಬಲದಿಂದ ಕಿತ್ತೊಗೆಯಲು ಹೊರಟ ಸಶಸ್ತ್ರ ಗುಂಪುಗಳನ್ನು ಕಟ್ಟುವುದೂ ಪೋಷಿಸುವುದೂ ತಪ್ಪೆಂದು ಸಾರಿತು. ಅದೇ ಘೋಷಣೆ ಪರಾಧೀನ ಜನರ ಸ್ವನಿರ್ಣಯದ ಹಕ್ಕನ್ನೂ ಎತ್ತಿಹಿಡಿಯಿತು. ಎರಡರ ನಡುವಿನ ಸಂದಿಯಲ್ಲಿ ಪ್ರತಿ ದೇಶವೂ ತನಗೆ ಬೇಕಾದ ದಾರಿ ಕಂಡುಕೊಂಡಿದೆ. ನಿಕರಾಗುವಾದ ಕಾಂಟ್ರಾ ಬಂಡುಕೋರರಿಗೆ ಅಮೆರಿಕ ಕೊಟ್ಟ ನೆರವಿನ ಬಗ್ಗೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 1986ರ ಜೂನ್ 27ರಂದು ಕೊಟ್ಟ ತೀರ್ಪು ಇಲ್ಲಿ ಮುಖ್ಯ. ಆಯುಧ ಕೊಟ್ಟು ತರಬೇತಿ ನೀಡಿದ್ದು ಅಂತರರಾಷ್ಟ್ರೀಯ ಕಾನೂನಿನ ಉಲ್ಲಂಘನೆ ಎಂದು ನ್ಯಾಯಾಲಯ ಹೇಳಿತು. ಆದರೆ ಕಾಂಟ್ರಾಗಳು ನಡೆಸಿದ ದೌರ್ಜನ್ಯಗಳಿಗೆ ಅಮೆರಿಕ ನೇರ ಹೊಣೆಯಾಗಬೇಕಾದರೆ ಆ ಕೃತ್ಯಗಳ ಮೇಲೆ ಅದಕ್ಕೆ ಪರಿಣಾಮಕಾರಿ ಹಿಡಿತವಿತ್ತೆಂದು ತೋರಿಸಬೇಕು ಎಂದಿತು. ಅಂದರೆ ಹಿಡಿತ ಸಡಿಲವಾದಷ್ಟೂ ಕೊಟ್ಟವನ ಹೊಣೆ ಕಡಿಮೆ. ಹಿಡಿತ ಬಿಟ್ಟವನಿಗೆ ಸಿಕ್ಕ ಈ ವಿನಾಯಿತಿ, ಹಳ್ಳಿಯಿಂದ ನೋಡಿದರೆ, ಅನ್ಯಾಯದ್ದು. 2014ರಲ್ಲಿ ಜಾರಿಗೆ ಬಂದ ಆಯುಧ ವ್ಯಾಪಾರ ಒಪ್ಪಂದವೂ ಈ ತೂತನ್ನು ಪೂರ್ತಿ ಮುಚ್ಚಲಿಲ್ಲ. ಆ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ.

ಭಾರತ ಕೊಟ್ಟ ಕೈಯಾದಾಗ

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಬಂದಾಗ ಭಾರತ ಮುಕ್ತಿವಾಹಿನಿಗೆ ಗಡಿಯಲ್ಲಿ ತರಬೇತಿ ಕೊಟ್ಟಿತು. ಆಯುಧ ಕೊಟ್ಟದ್ದು ಸಾರ್ಥಕವಾಯಿತೆಂದು ಹೇಳಬಹುದಾದ ವಿರಳ ನಿದರ್ಶನವಿದು. ಅಲ್ಲಿ ಚುನಾವಣೆ ಗೆದ್ದ ಪಕ್ಷವಿತ್ತು, ದೇಶಭ್ರಷ್ಟ ಸರ್ಕಾರವಿತ್ತು, ಕೊನೆಗೆ ಡಿಸೆಂಬರ್‌ನಲ್ಲಿ ಭಾರತದ ಸೇನೆ ಬಹಿರಂಗವಾಗಿಯೇ ಬಂತು. ಅಷ್ಟಿದ್ದೂ ಒಡಕು ತಪ್ಪಲಿಲ್ಲ. ಭಾರತದ ಗುಪ್ತಚರ ಸಂಸ್ಥೆ ಪ್ರತ್ಯೇಕವಾಗಿ ಬೆಳೆಸಿದ ಮುಜೀಬ್ ವಾಹಿನಿಗೂ ತಾಜುದ್ದೀನ್ ಅಹಮದರ ಆ ದೇಶಭ್ರಷ್ಟ ಸರ್ಕಾರಕ್ಕೂ ಸರಿಬರಲಿಲ್ಲ. ಗೆಲುವಿನ ಎರಡೇ ದಿನಕ್ಕೆ ಢಾಕಾ ಮೈದಾನದಲ್ಲಿ ಕಾದರ್ ಸಿದ್ದಿಕಿಯ ಪಡೆ ಸೆರೆಯಾಳುಗಳನ್ನು ಬಯೋನೆಟ್ಟಿನಿಂದ ತಿವಿದದ್ದನ್ನು ವಿದೇಶಿ ಛಾಯಾಗ್ರಾಹಕರು ಸೆರೆಹಿಡಿದರು. 1972ರ ಜನವರಿಯಲ್ಲಿ ಶೇಖ್ ಮುಜೀಬರ ಮುಂದೆ ಆಯುಧ ಒಪ್ಪಿಸುವ ಸಮಾರಂಭಗಳಾದವು. ನಾಯಕನೊಬ್ಬನ ಮಾತಿಗೆ ಬಂದೂಕುಗಳು ಕೆಳಗಿಳಿದವೆಂಬುದೇ ಅಲ್ಲಿನ ದೊಡ್ಡ ಭಾಗ್ಯ.

ಶ್ರೀಲಂಕಾದಲ್ಲಿ ಆ ಭಾಗ್ಯವಿರಲಿಲ್ಲ. 1983ರ ಜುಲೈ ಹತ್ಯಾಕಾಂಡದ ನಂತರ ತಮಿಳು ಉಗ್ರ ಗುಂಪುಗಳಿಗೆ ತಮಿಳುನಾಡು ಮತ್ತು ಉತ್ತರ ಭಾರತದಲ್ಲಿ ತರಬೇತಿ ಸಿಕ್ಕಿತು. ಐದು ಗುಂಪುಗಳನ್ನು ಒಟ್ಟಿಗೆ ಸಾಕಿದರೆ ಯಾರೂ ಮಿತಿಮೀರರೆಂಬ ಲೆಕ್ಕ ದಿಲ್ಲಿಯದು. ಎಲ್‌ಟಿಟಿಇ 1986ರಲ್ಲಿ ಟೆಲೋ ಗುಂಪಿನ ನಾಯಕ ಶ್ರೀ ಸಬಾರತ್ನಂನನ್ನೂ ಅವನ ಹುಡುಗರನ್ನೂ ಕೊಂದು ಆ ಲೆಕ್ಕ ಅಳಿಸಿತು. 1987ರ ಜುಲೈ 29ರ ಭಾರತ–ಶ್ರೀಲಂಕಾ ಒಪ್ಪಂದದ ಮೇಲೆ ಹೋದ ಭಾರತದ ಶಾಂತಿಪಾಲನಾ ಪಡೆ ಅಕ್ಟೋಬರ್ ಹೊತ್ತಿಗೆ ಭಾರತವೇ ತರಬೇತಿ ಕೊಟ್ಟವರ ಎದುರು ಕಾದಾಡುತ್ತಿತ್ತು. ಸುಮಾರು 1,200 ಭಾರತೀಯ ಸೈನಿಕರು ಸತ್ತರು. ಭಾರತದ ಪಡೆ ಹೊರಹೋಗಲೆಂದು ಅಧ್ಯಕ್ಷ ಪ್ರೇಮದಾಸ 1989ರಲ್ಲಿ ಅದೇ ಎಲ್‌ಟಿಟಿಇಗೆ ಆಯುಧ ಕೊಟ್ಟರು. 1993ರಲ್ಲಿ ಅದೇ ಸಂಘಟನೆಯ ಆತ್ಮಹತ್ಯಾ ಬಾಂಬಿಗೆ ಬಲಿಯಾದರು. ಭಾರತ ಹೊರಡುವ ಮುನ್ನ ಕಟ್ಟಿಹೋದ ತಮಿಳು ರಾಷ್ಟ್ರೀಯ ಸೇನೆ ಕುಸಿದು ಅದರ ಬಂದೂಕುಗಳೂ ಎಲ್‌ಟಿಟಿಇಯ ಪಾಲಾದವು. 1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಕೊಲೆಯ ಸೂತ್ರಧಾರಿ ಶಿವರಾಸನ್ ಮತ್ತು ಆರು ಸಂಗಡಿಗರು ಆಗಸ್ಟ್ 20ರಂದು ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಹೆಣವಾಗಿ ಸಿಕ್ಕರು. ಸಮುದ್ರದಾಚೆಯ ಬಂಡಾಯಕ್ಕೆ ಕೊಟ್ಟ ಆಯುಧದ ಕತೆ ಎಂಟೇ ವರ್ಷದಲ್ಲಿ ಕನ್ನಡ ನಾಡಿನ ರಾಜಧಾನಿಯ ಅಂಚಿಗೆ ಬಂದು ನಿಂತಿತ್ತು.

ಆಸರೆ ಕೊಟ್ಟವರು ನಡುನೀರಿನಲ್ಲಿ ಕೈಬಿಟ್ಟ ಕತೆ ಟಿಬೆಟಿನದು. ಅಮೆರಿಕದ ಸಿಐಎ ಸಾಕಿದ ಟಿಬೆಟ್ ಗೆರಿಲ್ಲಾಗಳು ನೇಪಾಳದ ಮುಸ್ತಾಂಗ್‌ನಿಂದ ಚೀನಾದ ಮೇಲೆ ದಾಳಿ ಮಾಡುತ್ತಿದ್ದರು. ಅಮೆರಿಕ ಚೀನಾದ ಸ್ನೇಹ ಬಯಸಿದಾಗ ಸಹಾಯ ನಿಂತಿತು. 1974ರಲ್ಲಿ ಆಯುಧ ಕೆಳಗಿಡಿರೆಂಬ ದಲೈ ಲಾಮಾರ ಧ್ವನಿಮುದ್ರಿತ ಸಂದೇಶ ಕೇಳಿ ಕೆಲವರು ತಮ್ಮ ಜೀವವನ್ನೇ ತೆಗೆದುಕೊಂಡರು. ಬೈಲುಕುಪ್ಪೆ, ಮುಂಡಗೋಡಗಳಲ್ಲಿ ಟಿಬೆಟ್ ನಿರಾಶ್ರಿತರ ಬದುಕನ್ನು ಕಂಡ ಕನ್ನಡಿಗರಿಗೆ ಈ ಕತೆ ದೂರದ್ದೆನಿಸಲಾರದು.

ಬೇರೆಡೆಯ ಕತೆಗಳು

ಅಫ್ಘಾನಿಸ್ತಾನದಲ್ಲಿ ಸೋವಿಯತ್ ಸೇನೆಯ ವಿರುದ್ಧ ಅಮೆರಿಕ ಮತ್ತು ಸೌದಿ ಅರೇಬಿಯಾ ಕೊಟ್ಟ ಆಯುಧ ಪಾಕಿಸ್ತಾನದ ಐಎಸ್‌ಐ ಕೈಯಿಂದ ಹಂಚಿಕೆಯಾಯಿತು. ಹಂಚುವವನಿಗೆ ಬೇಕಾದ ಗುಲ್ಬುದ್ದೀನ್ ಹಿಕ್ಮತ್ಯಾರನಿಗೆ ದೊಡ್ಡ ಪಾಲು ಹೋಯಿತು. ಸೋವಿಯತ್ ಹೋದ ಮೇಲೆ ಅವನು ಕಾಬೂಲಿನ ಮೇಲೆಯೇ ರಾಕೆಟ್ಟು ಸುರಿಸಿದ. 1986ರಲ್ಲಿ ಕೊಟ್ಟ ಸ್ಟಿಂಗರ್ ಕ್ಷಿಪಣಿಗಳನ್ನು ಅಮೆರಿಕ ಮುಂದೆ ತನ್ನ ಹಣ ಕೊಟ್ಟೇ ಕೊಂಡುಕೊಳ್ಳಲು ಓಡಾಡಿತು. ಸಿರಿಯಾದಲ್ಲಿ ಇದರ ಭಯ ವಿರುದ್ಧ ದಿಕ್ಕಿಗೆ ಎಳೆಯಿತು. ಕೈಗೆ ಸಿಕ್ಕವರಿಗೆಲ್ಲ ಕೊಡಬಾರದೆಂದು ಸೋಸಿ ಸೋಸಿ ಆರಿಸಿದ 50 ಕೋಟಿ ಡಾಲರ್ ಯೋಜನೆಯಿಂದ ಕಣದಲ್ಲಿ ಉಳಿದವರು ನಾಲ್ಕೋ ಐದೋ ಜನ ಎಂದು ಜನರಲ್ ಲಾಯ್ಡ್ ಆಸ್ಟಿನ್ 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸೆನೆಟ್ ಸಮಿತಿಗೆ ಹೇಳಬೇಕಾಯಿತು.

ಕೊಡದೆ ಉಳಿದದ್ದರ ಕೆಡುಕಿಗೂ ಸಾಕ್ಷಿಗಳಿವೆ. 1936ರ ಸ್ಪೇನ್‌ನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ತಟಸ್ಥವಾದವು. ಹಿಟ್ಲರ್, ಮುಸೊಲಿನಿ ಫ್ರಾಂಕೋಗೆ ಕೊಡುತ್ತಲೇ ಹೋದರು. 1991ರಲ್ಲಿ ಯುಗೊಸ್ಲಾವಿಯಾದ ಮೇಲೆ ಹೇರಿದ ಆಯುಧ ನಿರ್ಬಂಧ ಎಲ್ಲರಿಗೂ ಸಮಾನವೆಂದು ಕಾಗದದಲ್ಲಿತ್ತು. ಸೇನೆಯ ಉಗ್ರಾಣ ಕೈಯಲ್ಲಿದ್ದ ಸರ್ಬರಿಗೆ ಅದು ತಟ್ಟಲಿಲ್ಲ, ಬೋಸ್ನಿಯಾದ ಮುಸಲ್ಮಾನರಿಗೆ ತಟ್ಟಿತು. 1995ರ ಜುಲೈನಲ್ಲಿ ಸ್ರೆಬ್ರೆನಿಕಾದಲ್ಲಿ ಎಂಟು ಸಾವಿರದಷ್ಟು ಗಂಡಸರೂ ಹುಡುಗರೂ ಕೊಲೆಯಾದರು. ಆದ್ದರಿಂದ ಆಯುಧ ಕೊಡುವುದೇ ಪಾಪವೆಂಬ ಸರಳ ತೀರ್ಮಾನಕ್ಕೆ ಈ ಲೇಖಕ ಬರಲಾರ. ಕೊಡುವವನು ತನ್ನ ಹೆಸರು ಹೇಳಿಕೊಂಡು ಕೊಡಲಿ. ಒಂದೇ ಆಜ್ಞೆಗೆ ಒಳಪಟ್ಟವರಿಗೆ ಕೊಡಲಿ. ಸೇಡು ಬೀಳುವ ಊರಿನ ಕಾವಲನ್ನೂ ತನ್ನದೆಂದು ಭಾವಿಸಲಿ. ಮುಗಿದ ದಿನ ಆಯುಧ ಮರಳಿಸುವ ಏರ್ಪಾಟನ್ನು ಮೊದಲ ದಿನವೇ ಮಾಡಲಿ. ಇವನ್ನು ಮಾಡಲಾರದವನು ಕೊಡಬಾರದು. ಹೈದರಾಬಾದಿನ ಗಡಿಯಲ್ಲಿ ಈ ನಾಲ್ಕರಲ್ಲಿ ಒಂದೂ ಪೂರ್ತಿಯಾಗಿ ನಡೆಯಲಿಲ್ಲ.

ಉಳಿದಿರುವ ಕೆಲಸ

1956ರ ನವೆಂಬರ್ 1ರಂದು ಬೀದರ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ನೆನಪುಗಳೂ ಹಾಗೆಯೇ ಹಂಚಿಹೋದವು. ಉದಗೀರದ್ದು ಮರಾಠಿಯಲ್ಲಿ, ಜಹೀರಾಬಾದಿನದು ತೆಲುಗಿನಲ್ಲಿ, ಭಾಲ್ಕಿ ಔರಾದದ್ದು ಕನ್ನಡದಲ್ಲಿ, ಮುಸಲ್ಮಾನ ಮನೆಗಳದ್ದು ಉರ್ದುವಿನಲ್ಲಿ ಉಳಿಯಿತು. ಗೋರಟಾಕ್ಕೆ ಸ್ಮಾರಕವಾಗಿದೆ, ಅದು ಆಗಲೇಬೇಕಿತ್ತು. ಸೆಪ್ಟೆಂಬರ್ 17ರ ನಂತರ ಸತ್ತವರ ಊರುವಾರು ಪಟ್ಟಿ ಮಾತ್ರ ಕನ್ನಡದಲ್ಲಿ ಇನ್ನೂ ಬರಬೇಕಾಗಿದೆ. ಗಡಿ ಶಿಬಿರಗಳ ಹೋರಾಟಗಾರರ ನೆನಪುಗಳು ಅಲ್ಲಲ್ಲಿ ಅಚ್ಚಾಗಿವೆ. ಅವರು ದಾಟಿಹೋದ ಹಳ್ಳಿಗಳ ಹೆಂಗಸರ ಮಾತು ಅಪರೂಪ. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಬೀದರ, ಭಾಲ್ಕಿ, ಔರಾದದ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಹಲಬರ್ಗಾದಂಥ ಊರುಗಳ ಹಿರಿಯರ ಬಳಿ, ಎರಡೂ ಸಮುದಾಯಗಳ ಮನೆಗಳಿಗೆ ಹೋಗಿ ಆ ಮಾತುಗಳನ್ನು ಈ ವರ್ಷವೇ ಬರೆದಿಟ್ಟುಕೊಳ್ಳಲಿ.